ಊರಿನ ಇತಿಹಾಸ ಫಲಕ: ಶಿವಮೊಗ್ಗ ಮತ್ತು ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಪ್ರವಾಸಿ ಮಂದಿರ, ಕೋಟೆ ಬಾಗಿಲು, ಕಮಾನು ಸೇತುವೆ, ಮೈಲಿಗಲ್ಲು, ಸತ್ಯಾಗ್ರಹ ನಡೆದ ಬಯಲು. ಇವುಗಳ ಮುಂದೆ ನಾಲ್ಕು ಸಾಲಿನ ಕಲ್ಲು ನಿಲ್ಲಿಸಬೇಕೆಂದು ಓಡಾಡುವ ಯುವಕ ಸಂಘಗಳು, ಶಾಲಾಭಿವೃದ್ಧಿ ಸಮಿತಿಗಳು, ಪಂಚಾಯಿತಿ ಸದಸ್ಯರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಶುರು ಮಾಡುವ ಮುನ್ನ

ಊರಲ್ಲಿ ಶಾಸನ ಇದೆ, ವೀರಗಲ್ಲು ಇದೆ, ಶಂಕುಸ್ಥಾಪನೆ ಕಲ್ಲೂ ಇದೆ. ಮತ್ತೊಂದು ಫಲಕ ಯಾಕೆ?

ಶಾಸನ, ವೀರಗಲ್ಲು, ಮಾಸ್ತಿಗಲ್ಲು ಆಯಾ ಕಾಲದವರೇ ನಿಲ್ಲಿಸಿದ ದಾಖಲೆ. ಶಂಕುಸ್ಥಾಪನೆ ಕಲ್ಲು ಯಾರು ಬಂದಿದ್ದರು ಎಂಬುದನ್ನು ಹೇಳುತ್ತದೆ, ಜಾಗದ ಬಗ್ಗೆ ಏನೂ ಹೇಳುವುದಿಲ್ಲ. ಇತಿಹಾಸ ಫಲಕ ಇವೆರಡೂ ಅಲ್ಲ. ಇಂದಿನವರು ಹಿಂದಿನದನ್ನು ಓದಿ, ಖಾತ್ರಿ ಮಾಡಿಕೊಂಡು, ದಾರಿಹೋಕನಿಗೆ ಒಂದು ನಿಮಿಷದಲ್ಲಿ ತಿಳಿಯುವಂತೆ ಹೇಳುವ ಮಾತು ಅದು. ಹಾಗಾಗಿ ಅದರ ಪೂರ್ತಿ ಬೆಲೆ ನಿಂತಿರುವುದು ಖಾತ್ರಿಯ ಮೇಲೆ. ಕಾಗದದಲ್ಲಿ ತಪ್ಪು ಬಿದ್ದರೆ ತಿದ್ದಬಹುದು. ಕಲ್ಲಿನಲ್ಲಿ ತಪ್ಪು ಕೊರೆದರೆ ಮುಂದಿನ ತಲೆಮಾರಿನ ಶಾಲಾಮಕ್ಕಳು ಅದನ್ನೇ ಪ್ರಬಂಧದಲ್ಲಿ ಬರೆಯುತ್ತಾರೆ.

ನಮ್ಮೂರ ಐಬಿ (ಪ್ರವಾಸಿ ಮಂದಿರ) ಬ್ರಿಟಿಷರು ಕಟ್ಟಿದ್ದು ಅಂತಾರೆ. "ಬ್ರಿಟಿಷರ ಕಾಲದ ಕಟ್ಟಡ" ಅಂತ ಬರೆಸಬಹುದಾ?

ಮಲೆನಾಡಿನ ಫಲಕಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಹೆಂಚಿನ ಮಾಡು, ಎತ್ತರದ ಬಾಗಿಲು, ಸುತ್ತ ಜಗಲಿ ಕಂಡರೆ ಸಾಕು, ಎಲ್ಲವೂ "ಬ್ರಿಟಿಷರ ಕಾಲ" ಆಗಿಬಿಡುತ್ತದೆ.

ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಮಲೆನಾಡು ಮೈಸೂರು ಸಂಸ್ಥಾನದ್ದು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯ ಒಡೆಯರ ಹೆಸರಿಗೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದರಿಂದ ದಿವಾನ್ ಪೂರ್ಣಯ್ಯ ಆಡಳಿತ ನಡೆಸಿದರು. 1831ರಲ್ಲಿ, ನಗರ (ಹಳೇ ಬಿದನೂರು) ಸೀಮೆಯ ರೈತರ ದಂಗೆಯ ಬೆನ್ನಿಗೆ, ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಬ್ರಿಟಿಷ್ ಕಮಿಷನ್ನಿನ ಕೈಗೆ ಕೊಟ್ಟ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಮರಳಿತು. ಅಂದರೆ ನಮ್ಮಲ್ಲಿ ಬ್ರಿಟಿಷರು ನೇರವಾಗಿ ಆಡಳಿತ ನಡೆಸಿದ್ದು 1831ರಿಂದ 1881ರವರೆಗಿನ ಐವತ್ತು ವರ್ಷ. ಅದಾದ ಮೇಲೆ ಎದ್ದ ಶಾಲೆ, ಆಸ್ಪತ್ರೆ, ಕಚೇರಿ, ಪ್ರವಾಸಿ ಮಂದಿರಗಳು ಮೈಸೂರು ಸರ್ಕಾರದವು. ಎಂಜಿನಿಯರ್ ಇಂಗ್ಲಿಷಿನವನಾಗಿದ್ದರೂ ಖಜಾನೆ ಮೈಸೂರಿನದು.

ಇನ್ನು ಗಡಿ ದಾಟಿದರೆ ಲೆಕ್ಕವೇ ಬೇರೆ. ತಾಳಗುಪ್ಪ ಮೈಸೂರು ಸಂಸ್ಥಾನ, ಅಲ್ಲಿಂದ ಸ್ವಲ್ಪವೇ ಮುಂದಿನ ಸಿದ್ದಾಪುರ 1862ರಿಂದ ಬೊಂಬಾಯಿ ಪ್ರಾಂತ. ಆಗುಂಬೆ ಮೈಸೂರು, ಘಾಟಿ ಇಳಿದರೆ ಸೋಮೇಶ್ವರ ಮದರಾಸು ಪ್ರಾಂತ. ಕೊಡಗು 1834ರಿಂದ ನೇರ ಬ್ರಿಟಿಷ್ ಆಳ್ವಿಕೆ. ನಿಮ್ಮ ಊರು ಗೆರೆಯ ಯಾವ ಬದಿಗಿತ್ತು, ಕಟ್ಟಡ ಯಾವ ವರ್ಷದ್ದು, ಈ ಎರಡು ಗೊತ್ತಾದ ಮೇಲೆ ಬರೆಯಿರಿ. ವರ್ಷ ಸಿಗದಿದ್ದರೆ "19ನೇ ಶತಮಾನದ ಕಟ್ಟಡ" ಎಂದರೆ ಸಾಕು.

ಯಾರ ಅನುಮತಿ ಬೇಕು?

ಫಲಕ ನಿಲ್ಲುವ ನೆಲ ಯಾರದೋ ಅವರದು. ಊರೊಳಗಿನ ರಸ್ತೆಬದಿಯಾದರೆ ಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿ. ಮುಖ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ ಅಥವಾ ಹೆದ್ದಾರಿ ಪ್ರಾಧಿಕಾರ. ಕಾಡಿನಲ್ಲಿ ಅರಣ್ಯ ಇಲಾಖೆ. ದೇವಸ್ಥಾನದ ಆವರಣದಲ್ಲಿ ಆಡಳಿತ ಮಂಡಳಿ ಅಥವಾ ಮುಜರಾಯಿ. ರೈಲ್ವೆ ಜಾಗಕ್ಕೆ ಮೈಸೂರು ವಿಭಾಗದ ಕಚೇರಿ.

ಇಕ್ಕೇರಿ, ಕೆಳದಿ, ಬಳ್ಳಿಗಾವಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಹತ್ತಿರ ಎಚ್ಚರ ಬೇಕು. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಪಾಯ ತೋಡುವ ಮುನ್ನ ಪುರಾತತ್ವ ಸರ್ವೇಕ್ಷಣೆಯವರಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ರಾಜ್ಯ ಸಂರಕ್ಷಿತ ಸ್ಮಾರಕಗಳು 1961ರ ರಾಜ್ಯ ಕಾಯ್ದೆಯಡಿ ಬರುತ್ತವೆ.

ಅರ್ಜಿಯ ಜೊತೆ ಐದು ಹಾಳೆ ಇರಲಿ: ಜಾಗದ ಫೋಟೋ, ಸರ್ವೆ ನಂಬರ್ ಸಹಿತ ಕೈನಕ್ಷೆ, ಫಲಕದ ಅಳತೆಯ ಚಿತ್ರ, ಪೂರ್ತಿ ಬರಹ, ಮುಂದೆ ನೋಡಿಕೊಳ್ಳುವವರು ಯಾರು ಎಂಬ ಒಪ್ಪಿಗೆ ಪತ್ರ. ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ. ಕಚೇರಿಯವರು ಮೊದಲು ಕೇಳುವುದೂ ಅದನ್ನೇ.

ಪಾಯ ತೋಡುವಾಗ ವಿಗ್ರಹವೋ ನಾಣ್ಯವೋ ಸಿಕ್ಕರೆ?

ಅಗೆತ ಅಲ್ಲಿಗೇ ನಿಲ್ಲಿಸಿ. ಇದ್ದ ಹಾಗೆ ಫೋಟೋ ತೆಗೆದು ತಹಶೀಲ್ದಾರರಿಗೆ ತಿಳಿಸಿ. ತೊಳೆಯಬೇಡಿ, ಮನೆಗೆ ಒಯ್ಯಬೇಡಿ, ಅರಿಶಿನ ಕುಂಕುಮ ಹಚ್ಚಬೇಡಿ. ಮುಚ್ಚಿಟ್ಟರೆ ನಿಧಿ ಕಾಯ್ದೆಯಡಿ ಅಪರಾಧ.

## ಬರಹದ ಪ್ರಶ್ನೆಗಳು

ಎಷ್ಟು ಪದ ಬರೆಸಬೇಕು? ಹೇಳಬೇಕಾದ್ದು ತುಂಬ ಇದೆ.

ಅರುವತ್ತು ಪದ ದಾಟಬೇಡಿ. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಕಲ್ಲಿನಲ್ಲಿ ಅಂಚು ಬಿಟ್ಟರೆ ಸುಮಾರು 78 ಸೆಂ.ಮೀ. ಸಾಲು ಸಿಗುತ್ತದೆ. ಎರಡು ಸೆಂ.ಮೀ. ಎತ್ತರದ ಕನ್ನಡ ಅಕ್ಷರ ಅಗಲದಲ್ಲೂ ಹೆಚ್ಚುಕಡಿಮೆ ಅಷ್ಟೇ ಜಾಗ ತಿನ್ನುತ್ತದೆ. ಸಾಲಿಗೆ 35 ಅಕ್ಷರ, ಅಂದರೆ ಆರೇಳು ಪದ. ತಲೆಬರಹ ಕಳೆದು ಹತ್ತು ಸಾಲು. ಲೆಕ್ಕ ಅಲ್ಲಿಗೆ ಮುಗಿಯಿತು. ಇದಕ್ಕಿಂತ ಹೆಚ್ಚು ತುರುಕಿದರೆ ಅಕ್ಷರ ಚಿಕ್ಕದಾಗುತ್ತದೆ, ಮೊದಲ ಮಳೆಗಾಲಕ್ಕೇ ಪಾಚಿ ತುಂಬುತ್ತದೆ.

ನಗರ ಎಂಬ ಊರಿನ ಕೋಟೆಗೆ ಬರೆಯುವುದಾದರೆ ಹೀಗೆ ಬರೆಯಬಹುದು:

*ಬಿದನೂರು ಎಂದು ಹೆಸರಾಗಿದ್ದ ಈ ಊರು ಇಕ್ಕೇರಿಯ ಬಳಿಕ ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ್ ಅಲಿ ಗೆದ್ದುಕೊಂಡು ಹೈದರನಗರವೆಂದು ಹೆಸರಿಟ್ಟ. 1783ರಲ್ಲಿ ಬ್ರಿಟಿಷ್ ಪಡೆಗೆ ಸೇರಿದ ಕೋಟೆಯನ್ನು ಅದೇ ವರ್ಷ ಟಿಪ್ಪು ಮರಳಿ ಪಡೆದ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆಯ ವಿರುದ್ಧ ದಂಗೆಯೆದ್ದರು. ಆ ದಂಗೆಯ ಬೆನ್ನಿಗೆ, 1831ರಲ್ಲಿ, ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನ್ನಿನ ಕೈಗೆ ಹೋಯಿತು.*

ಇದು 44 ಪದ. "ಐತಿಹಾಸಿಕ", "ಭವ್ಯ", "ಪ್ರಸಿದ್ಧ" ಎಂಬ ಒಂದು ಮಾತೂ ಇಲ್ಲ. ಅವನ್ನು ಕೊರೆಯುವ ಜಾಗದಲ್ಲಿ ಇನ್ನೊಂದು ಇಸವಿ ಹಿಡಿಯುತ್ತದೆ.

ಖಚಿತ ಮಾಹಿತಿ ಎಲ್ಲಿ ಹುಡುಕಬೇಕು?

ಶಾಸನಗಳಿಗೆ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು. ಹಳೇ ಶಿವಮೊಗ್ಗ ಜಿಲ್ಲೆಗೆ 7 ಮತ್ತು 8ನೇ ಸಂಪುಟ, ಕಡೂರು ಜಿಲ್ಲೆಗೆ, ಅಂದರೆ ಇಂದಿನ ಚಿಕ್ಕಮಗಳೂರಿಗೆ, 6ನೇ ಸಂಪುಟ. ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ 7ರಲ್ಲಿ ಸಿಗುತ್ತವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ 8ರಲ್ಲಿ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಜೊತೆ ಒಂದು ಸಂಖ್ಯೆ ಇದೆ. ತಾಳಗುಂದದ ಕಂಬ ಶಾಸನ "ಶಿಕಾರಿಪುರ 176". ಈ ಸಂಖ್ಯೆಯನ್ನು ನಿಮ್ಮ ಕಡತದಲ್ಲಿ ಬರೆದಿಟ್ಟುಕೊಂಡರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಉತ್ತರ ಕೈಯಲ್ಲಿರುತ್ತದೆ.

ಕಮಿಷನ್ ಕಾಲ ಮತ್ತು ಆಮೇಲಿನದಕ್ಕೆ ಮೈಸೂರು ಗ್ಯಾಸೆಟಿಯರ್, ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, ಬೆಂಗಳೂರಿನ ರಾಜ್ಯ ಪತ್ರಾಗಾರದ ಕಡತಗಳು. ಕೆಳದಿ ಅರಸರ ವಿಷಯಕ್ಕೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗಲೇಬೇಕು, ಅಲ್ಲಿ ಓಲೆಗರಿ ಮತ್ತು ಕಾಗದಪತ್ರಗಳ ಸಂಗ್ರಹವಿದೆ. ಕಟ್ಟಡದ ವರ್ಷ ಪತ್ತೆಗೆ ಇನ್ನೊಂದು ದಾರಿ, ಕಟ್ಟಡವೇ. ಬಾಗಿಲ ಮೇಲಿನ ಕಲ್ಲು, ಗಂಟೆಯ ಮೇಲಿನ ಬರಹ, ಹೆಂಚಿನ ಅಡಿಯಲ್ಲಿ ಒತ್ತಿದ ಮಂಗಳೂರು ಕಾರ್ಖಾನೆಯ ಮುದ್ರೆ. ಆದರೆ ಹೆಂಚು ಬದಲಾಗಿರಬಹುದು. ಹೆಂಚಿನ ವರ್ಷ ಕಟ್ಟಡದ ವರ್ಷವಲ್ಲ.

ಎರಡು ಬೇರೆ ಬೇರೆ ಮೂಲ ಒಂದೇ ಮಾತು ಹೇಳಿದರೆ ಮಾತ್ರ ಕಲ್ಲಿಗೆ. ಒಂದು ಮತ್ತೊಂದರಿಂದ ನಕಲು ಮಾಡಿದ್ದಾದರೆ ಅದು ಎರಡು ಮೂಲವಲ್ಲ, ಒಂದೇ.

ಕಲ್ಲಿನಲ್ಲಿ ಶಕ ವರ್ಷ, ಸಂವತ್ಸರ ಇದೆ. ಇಸವಿಗೆ ಹೇಗೆ ತರುವುದು?

ಶಕ ವರ್ಷಕ್ಕೆ 78 ಕೂಡಿಸಿ. ತಿಥಿ ಜನವರಿಯಿಂದ ಯುಗಾದಿಯ ನಡುವೆ ಬಿದ್ದರೆ, ಅಂದರೆ ಪುಷ್ಯದ ಕೊನೆ, ಮಾಘ, ಫಾಲ್ಗುಣವಾದರೆ 79. ಬರೀ ಸಂವತ್ಸರ ಇದ್ದರೆ ಆತುರ ಬೇಡ, ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. "ಧಾತು ಸಂವತ್ಸರದ ಬರ" ಎಂದು ಹಿರಿಯರು ಹೇಳುವುದು 1876–77ರದ್ದು. ಆದರೆ 1816ರಲ್ಲೂ 1936ರಲ್ಲೂ ಧಾತು ಬಂದಿದೆ. ಅರಸನ ಹೆಸರೋ ಅಕ್ಷರದ ವರಸೆಯೋ ಜೊತೆಗಿದ್ದರೆ ಮಾತ್ರ ಯಾವ ಸುತ್ತು ಎಂದು ಹೇಳಬಹುದು. ಶಕವೂ ಸಂವತ್ಸರವೂ ಹೊಂದದೆ ಒಂದು ವರ್ಷ ಹಿಂದುಮುಂದಾಗುವುದು ಸಾಮಾನ್ಯ. ಕೆಲವರು ಕಳೆದ ವರ್ಷವನ್ನು, ಕೆಲವರು ನಡೆಯುವ ವರ್ಷವನ್ನು ಎಣಿಸಿದ್ದಾರೆ. ಅಂಥಲ್ಲಿ ಶಾಸನತಜ್ಞರನ್ನು ಕೇಳಿ.

ಊರಿಗೆ ನಾಲ್ಕು ಹೆಸರಿದೆ. ಯಾವುದನ್ನು ಹಾಕುವುದು?

ತಲೆಬರಹದಲ್ಲಿ ಇಂದಿನ ಅಧಿಕೃತ ಹೆಸರು, ಒಳಗೆ ಆಯಾ ಕಾಲದ ಹೆಸರು. ಕಬ್ಬಿಣದ ಕಾರ್ಖಾನೆ ಬರುವ ಮುಂಚಿನ ಭದ್ರಾವತಿ ಬೆಂಕಿಪುರ. ಆ ಕಾಲದ ಪತ್ರ ಹುಡುಕುವವರು "ಭದ್ರಾವತಿ" ಎಂದು ಹುಡುಕಿದರೆ ಏನೂ ಸಿಗದು. ಇಂಗ್ಲಿಷ್ ಸಾಲಿನಲ್ಲಿ ಶಿವಮೊಗ್ಗದ ಹೊಸ ಕಾಗುಣಿತ ಬಳಸಿ, 2014ರ ನವೆಂಬರ್ 1ರಿಂದ ಅದೇ ಅಧಿಕೃತ. ಹಳೇ ಕಡತದ ಉಲ್ಲೇಖವಾದರೆ ಮಾತ್ರ ಹಳೇ ಕಾಗುಣಿತ.

"ಸಿಹಿಮೊಗೆ"ಯಿಂದ ಬಂತೋ "ಶಿವಮುಖ"ದಿಂದ ಬಂತೋ ಎಂಬ ಹೆಸರಿನ ಕಥೆಗಳನ್ನು ಕಲ್ಲಿಗೆ ಏರಿಸಬೇಡಿ. ಏರಿಸಲೇಬೇಕೆಂದರೆ ಎರಡನ್ನೂ ಹಾಕಿ, "ಎನ್ನುತ್ತಾರೆ" ಎಂದು ಮುಗಿಸಿ.

ಹಿರಿಯರು ಹೇಳುವ ಕಥೆಯೇ ಬೇರೆ, ದಾಖಲೆಯೇ ಬೇರೆ. ಏನು ಮಾಡಲಿ?

ಕಥೆಗೆ ಅದರದೇ ಬೆಲೆ ಇದೆ. ಅದನ್ನು ಧ್ವನಿಮುದ್ರಿಸಿ, ಹೇಳಿದವರ ಒಪ್ಪಿಗೆಯೊಂದಿಗೆ ಗ್ರಂಥಾಲಯದಲ್ಲಿ ಇಡಿ. ಕಲ್ಲಿನಲ್ಲಿ ಮಾತ್ರ ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಇಡಬೇಕು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯನ್ನೇ ನೋಡಿ. ಶಿವಪ್ಪನಾಯಕ ಆಳಿದ್ದು 17ನೇ ಶತಮಾನದ ನಡುವೆ, 1645ರಿಂದ 1660ರವರೆಗೆ. ಈಗ ನಾವು ನೋಡುವ ಮರದ ಕಂಬಗಳ ಕಟ್ಟಡವನ್ನು 18ನೇ ಶತಮಾನದ್ದು, ಹೈದರನ ಕಾಲದ್ದು ಎಂದು ಹೇಳುತ್ತಾರೆ. "ಶಿವಪ್ಪನಾಯಕ ಕಟ್ಟಿಸಿದ ಅರಮನೆ" ಎಂದು ಕೊರೆದರೆ ಜನರ ಪ್ರೀತಿ ನಿಜ, ವಾಕ್ಯ ತಪ್ಪು. "ಶಿವಪ್ಪನಾಯಕನ ಹೆಸರಿನಿಂದ ಕರೆಯುವ ಅರಮನೆ" ಎಂದರೆ ಎರಡೂ ಉಳಿಯುತ್ತವೆ.

ಸ್ವಾತಂತ್ರ್ಯ ಹೋರಾಟದ ಫಲಕದಲ್ಲಿ "ಬ್ರಿಟಿಷರ ಗುಂಡಿಗೆ", "ಬ್ರಿಟಿಷರು ಗಲ್ಲಿಗೇರಿಸಿದರು" ಅಂತ ಬರೆಯುವುದು ಸರಿಯಾ?

ಊರು ಸಂಸ್ಥಾನದ ಗೆರೆಯ ಯಾವ ಬದಿಗಿತ್ತು ಎಂಬುದು ಇಲ್ಲಿ ಇನ್ನೂ ಮುಖ್ಯ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನದೇ ಆಡಳಿತ ಘೋಷಿಸಿತು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಆ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ), ಆ ಪೊಲೀಸು, ಆ ನ್ಯಾಯಾಲಯ ಎಲ್ಲವೂ ಮೈಸೂರು ಸಂಸ್ಥಾನದವು. ಮೇಲೆ ಬ್ರಿಟಿಷ್ ಸಾರ್ವಭೌಮತ್ವ ಇತ್ತು, ಹೋರಾಟ ಅದರ ವಿರುದ್ಧವೇ ಇತ್ತು, ಆದರೂ ಶಿಕ್ಷೆ ಕೊಟ್ಟ ಸರ್ಕಾರ ಯಾವುದು ಎಂಬುದನ್ನು ಮರೆಸಬಾರದು. ಐವರ ಬಲಿದಾನ ಇದರಿಂದ ಒಂದಿಷ್ಟೂ ಕಡಿಮೆಯಾಗದು. ಹಳ್ಳಿಯ ರೈತರು ಎಷ್ಟು ಹತ್ತಿರದ ಅಧಿಕಾರವನ್ನು ಎದುರು ಹಾಕಿಕೊಂಡಿದ್ದರು ಎಂಬುದು ಆಗಲೇ ಕಾಣುವುದು.

ಹುತಾತ್ಮರ ಹೆಸರು ಕೊರೆಸುವಾಗ ನ್ಯಾಯಾಲಯದ ಪತ್ರ, ಕುಟುಂಬದವರು ಬಳಸುವ ರೂಪ ಎರಡನ್ನೂ ತಾಳೆ ನೋಡಿ. ಒಂದೇ ಹೆಸರು ಮೂರು ಫಲಕದಲ್ಲಿ ಮೂರು ರೀತಿ ಇದ್ದರೆ ಕುಟುಂಬಕ್ಕೆ ಅದು ನೋವು.

## ಕಲ್ಲು, ಅಕ್ಷರ, ಮಳೆ

ಯಾವುದರಲ್ಲಿ ಮಾಡಿಸಿದರೆ ನಮ್ಮ ಮಳೆಗೆ ತಡೆಯುತ್ತೆ?

ಫ್ಲೆಕ್ಸ್ ಒಂದು ಮಳೆಗಾಲ ಕಳೆದರೆ ಹೆಚ್ಚು. ಬಣ್ಣದ ತಗಡು ತಿರುಪಿನ ತೂತಿನಿಂದಲೇ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಚೆಂದ, ಕದಿಯುವವರಿಗೂ ಚೆಂದ. ಜಂಬಿಟ್ಟಿಗೆ ನಮ್ಮದೇ ಕಲ್ಲು, ಆದರೆ ಮೈತುಂಬ ತೂತಿರುವುದರಿಂದ ಅಕ್ಷರ ನಿಲ್ಲದು. ಅದನ್ನು ಪೀಠಕ್ಕೆ ಬಳಸಿ.

ಉಳಿಯುವುದು ಗ್ರಾನೈಟ್. ಅದರಲ್ಲೂ ಬೂದು ಬಣ್ಣದ, ಹೊಳಪು ಕೊಡದ, ನಯ ಮಾಡಿದ ಮೈ ಒಳ್ಳೆಯದು. ಹೊಳಪಿನ ಕಪ್ಪು ಕಲ್ಲನ್ನು ಎಲ್ಲರೂ ಇಷ್ಟಪಡುತ್ತಾರೆ, ಅಂಗಡಿಯಲ್ಲಿ ಒಣಗಿರುವಾಗ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಆ ಬಿಳುಪು ಬಣ್ಣವಲ್ಲ, ಒರಟು ಕೊರೆತದ ಮೇಲೆ ಬಿದ್ದ ಬೆಳಕು. ನೀರು ಬಿದ್ದ ಕೂಡಲೇ ಕೊರೆತವೂ ಕಪ್ಪಾಗಿ, ಮೈಯೂ ಕಪ್ಪಾಗಿ ಬರಹ ಮಾಯವಾಗುತ್ತದೆ. ಆಗುಂಬೆ, ಹುಲಿಕಲ್ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಓದಲಾಗದು. ಕೊಳ್ಳುವ ಮುನ್ನ ಮಾದರಿ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಕಪ್ಪು ಕಲ್ಲೇ ಬೇಕೆಂದರೆ ಕೊರೆತಕ್ಕೆ ಬಿಳಿ ಬಣ್ಣ ತುಂಬಿಸಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಲು ಸಿದ್ಧರಿರಿ.

ದಪ್ಪ 40ರಿಂದ 50 ಮಿ.ಮೀ. ಮೂರಕ್ಕೆ ಎರಡು ಅಡಿಯ ಕಲ್ಲು 40 ಮಿ.ಮೀ. ದಪ್ಪದಲ್ಲಿ ಸುಮಾರು 60 ಕಿಲೋ, 50ರಲ್ಲಿ 75 ಕಿಲೋ ತೂಗುತ್ತದೆ. ಕೂರಿಸಲು ನಾಲ್ಕು ಜನ ಬೇಕು.

ಅಕ್ಷರ ಎಷ್ಟು ದೊಡ್ಡದು, ಎಷ್ಟು ಆಳ?

ಒಡಲ ಬರಹ 20 ಮಿ.ಮೀ., ತಲೆಬರಹ 40 ಮಿ.ಮೀ. ಸಾಲಿನಿಂದ ಸಾಲಿಗೆ 40 ಮಿ.ಮೀ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಶಾಸ್ತ್ರಿ" ಪದದ ಕೆಳಗೆ "ಕೀರ್ತಿ" ಬಂದಾಗ ನೋಡಿ, ಗೊತ್ತಾಗುತ್ತದೆ.

ಮರಳು ಸಿಡಿಸಿ ಕೊರೆಯುವುದಾದರೆ 2 ಮಿ.ಮೀ. ಆಳ, ಉಳಿಯಿಂದಾದರೆ 3. ಗೆರೆಯ ದಪ್ಪ 2.5 ಮಿ.ಮೀ.ಗಿಂತ ಕಡಿಮೆಯಾದರೆ ಕಲ್ಲಿನ ಹರಳು ಉದುರಿ ಅಂಚು ಒಡೆಯುತ್ತದೆ. ಕನ್ನಡದಲ್ಲಿ ನಿಜವಾದ ಅಪಾಯ ಮಹಾಪ್ರಾಣದ ಸೀಳು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಇವುಗಳ ನಡುವಿನ ವ್ಯತ್ಯಾಸ ಅಡಿಯಲ್ಲಿ ಸೀಳಿದ ಒಂದು ಸಣ್ಣ ಗೆರೆ. ಅದಕ್ಕೆ ಮೊದಲು ಬಣ್ಣ ತುಂಬುತ್ತದೆ, ಆಮೇಲೆ ಪಾಚಿ. ಎರಡು ವರ್ಷದಲ್ಲಿ "ಧರ್ಮಛತ್ರ" "ದರ್ಮಛತ್ರ"ವಾಗುತ್ತದೆ. ಸೀಳು ಉದ್ದವಾಗಿರುವ, ಗೆರೆ ಒಂದೇ ದಪ್ಪದ ಅಕ್ಷರ ಆರಿಸಿ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಅಕ್ಷರಮಾದರಿ ಸಾಕು. ಅಲಂಕಾರದ ಅಕ್ಷರ ಮದುವೆ ಕಾಗದಕ್ಕಿರಲಿ.

ಕಂಪ್ಯೂಟರಿನಲ್ಲಿ ಸರಿ ಇತ್ತು, ಕಲ್ಲಿಗೆ ಬಂದಾಗ ಒತ್ತಕ್ಷರ ಎಲ್ಲಾ ಎಲ್ಲೆಲ್ಲೋ ಹೋಗಿದೆ. ಯಾಕೆ?

ನೀವು ಯೂನಿಕೋಡಿನಲ್ಲಿ ಕೊಟ್ಟಿದ್ದೀರಿ, ಕೊರೆಯುವವರ ಹಳೇ ತಂತ್ರಾಂಶ ಅದನ್ನು ಜೋಡಿಸಲಾಗದೆ ಬಿಡಿಬಿಡಿ ಮಾಡಿದೆ. ಅಥವಾ ಅವರು "ನುಡಿ" ತಂತ್ರಾಂಶದ ಹಳೇ ಎನ್‌ಕೋಡಿಂಗ್‌ಗೆ ಬದಲಾಯಿಸಿದಾಗ ಅರ್ಕಾವೊತ್ತು ಜಾಗ ಬಿಟ್ಟಿದೆ. "ದುರ್ಗ" ಎಂಬ ಪದವೇ ಪರೀಕ್ಷೆ.

ದಾರಿ ಹೀಗಿದೆ. ಇಂಕ್‌ಸ್ಕೇಪ್‌ನಂಥ ಯೂನಿಕೋಡ್ ಬಲ್ಲ ತಂತ್ರಾಂಶದಲ್ಲಿ ಪೂರ್ತಿ ವಿನ್ಯಾಸ ಮಾಡಿ. ಕೊನೆಗೆ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸಿ ಪಿಡಿಎಫ್ ಕೊಡಿ. ಆಗ ಅದು ಬರಹವಲ್ಲ, ಚಿತ್ರ, ಯಾರ ಯಂತ್ರದಲ್ಲೂ ಒಡೆಯದು. ಆಮೇಲೆ ಕಲ್ಲಿನಷ್ಟೇ ಅಳತೆಯ ಕಾಗದದ ಮುದ್ರಣ ತರಿಸಿ ಮೂವರು ಓದಿ. ಒಬ್ಬರು ಎಂದಿನಂತೆ, ಒಬ್ಬರು ಕೊನೆಯ ಪದದಿಂದ ಹಿಂದಕ್ಕೆ, ಮತ್ತೊಬ್ಬರು ಅಂಕಿಗಳನ್ನು ಮಾತ್ರ ಮೂಲದೊಂದಿಗೆ. ಮೂವರ ಸಹಿ ಬಿದ್ದ ಕಾಗದವನ್ನೇ ಕೆಲಸದವರಿಗೆ ಕೊಡಿ. ಫೋನಿನಲ್ಲಿ "ಸರಿ, ಕೊರೀರಿ" ಎಂದು ಹೇಳಬೇಡಿ.

ನಿಲ್ಲಿಸುವುದು ಹೇಗೆ? ಹಳೇ ಗೋಡೆಗೇ ಜಡಿಯಬಹುದಾ?

ಹಳೇ ಗೋಡೆಗೆ ಬೇಡ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಸುತ್ತಲಿನ ಗಾರೆ ಉದುರುತ್ತದೆ. ಮೊಳೆ ಹೊಡೆದರೆ ಜಂಬಿಟ್ಟಿಗೆ ಬಿರಿಯುತ್ತದೆ. ಫಲಕ ಬೇರೆಯಾಗಿ, ಕಟ್ಟಡ ಕಾಣುವ ಹಾಗೆ, ಆದರೆ ಕಟ್ಟಡದ ಫೋಟೋಕ್ಕೆ ಅಡ್ಡ ಬಾರದ ಹಾಗೆ ಒಂದು ಬದಿಗೆ ನಿಲ್ಲಲಿ.

ಎರಡು ಅಡಿ ಆಳದ ಗುಂಡಿ, ತಳಕ್ಕೆ ಅರ್ಧ ಅಡಿ ಜಲ್ಲಿ, ಮೇಲೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು. ಕಲ್ಲಿನ ಕೆಳ ಅಂಚು ನೆಲದಿಂದ ಎರಡು ಅಡಿ ಮೇಲಿರಬೇಕು. ಜಡಿಮಳೆ ಕೆಮ್ಮಣ್ಣನ್ನು ಒಂದೂವರೆ ಅಡಿಯವರೆಗೆ ಎರಚುತ್ತದೆ, ಆ ಕಲೆ ಅಂಟಿದರೆ ಬಿಡದು. ಕಲ್ಲು ಹಿಂದಕ್ಕೆ ಸ್ವಲ್ಪ ವಾಲಿರಲಿ, ನೀರು ನಿಲ್ಲದಷ್ಟು. ಮಟ್ಟಸವಾಗಿ ಮಲಗಿಸಿದ ಫಲಕ ಮಲೆನಾಡಿನಲ್ಲಿ ಎಲೆ ಕೊಳೆಯುವ ತಟ್ಟೆಯಾಗುತ್ತದೆ. ಮರದಡಿಯಲ್ಲೂ ಬೇಡ.

ಪೀಠಕ್ಕೆ ಕಲ್ಲನ್ನು ಹಿಡಿಸುವ ಸರಳು ಸ್ಟೇನ್‌ಲೆಸ್ ಆಗಿರಬೇಕು. ಸಾದಾ ಕಬ್ಬಿಣ ಒಳಗೇ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಕೆಲವು ವರ್ಷದ ಮೇಲೆ ಕಲ್ಲಿನ ಮೂಲೆ ತಾನಾಗಿ ಸೀಳುತ್ತದೆ. ಆಗ ಎಲ್ಲರೂ ಕಿಡಿಗೇಡಿಗಳನ್ನು ಬೈಯುತ್ತಾರೆ. ಕಾರಣ ಸರಳು.

ಕೆಲಸ ದೀಪಾವಳಿಯಿಂದ ಶಿವರಾತ್ರಿಯೊಳಗೆ ಮುಗಿಯಲಿ.

ಕ್ಯೂಆರ್ ಕೋಡ್ ಹಾಕಿಸಿದರೆ ಹೇಗೆ?

ಹಾಕಿಸಿ, ಆದರೆ ಅದನ್ನು ನಂಬಿ ಬರಹ ಕಡಿಮೆ ಮಾಡಬೇಡಿ. ಘಾಟಿ ಊರುಗಳಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಒಂದು ಮೀಟರ್ ದೂರದಿಂದ ಹಿಡಿಯಬೇಕಾದರೆ 10 ಸೆಂ.ಮೀ. ಚೌಕ ಬೇಕು. ಗ್ರಾನೈಟಿನಲ್ಲೇ ಕೊರೆಸಿದರೆ ಪಾಚಿ ಹಿಡಿದು ಓದದು. ಬೇರೆ ಸ್ಟೇನ್‌ಲೆಸ್ ತಗಡಿನಲ್ಲಿ ಮಾಡಿಸಿ, ಬಿಚ್ಚಿ ಬದಲಾಯಿಸುವಂತಿರಲಿ. ವಿಳಾಸದ ವಾರ್ಷಿಕ ಶುಲ್ಕ ಯಾರು ಕಟ್ಟುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಿ.

## ಕಷ್ಟದ ಪ್ರಶ್ನೆಗಳು

ರಸ್ತೆ ಅಗಲ ಮಾಡುವಾಗ ಹಳೇ ಮೈಲಿಗಲ್ಲು ಮಣ್ಣುಪಾಲಾಗ್ತಿದೆ. ಎತ್ತಿಟ್ಟುಕೊಳ್ಳಬಹುದಾ?

ನೀವಾಗಿ ಎತ್ತಬೇಡಿ. ಮೈಲಿಗಲ್ಲಿನ ಅರ್ಥ ಅದು ನಿಂತ ಜಾಗದಲ್ಲಿದೆ. 1.6 ಕಿ.ಮೀ.ಗೆ ಒಂದು ಮೈಲಿ, 201 ಮೀಟರಿಗೆ ಒಂದು ಫರ್ಲಾಂಗ್, ಈ ಲೆಕ್ಕದಲ್ಲಿ ಹಳೇ ರಸ್ತೆ ಎಲ್ಲಿ ಹಾದಿತ್ತು ಎಂದು ಪತ್ತೆ ಮಾಡಬಹುದು. ಕಿತ್ತು ಉದ್ಯಾನದಲ್ಲಿಟ್ಟರೆ ಅದು ಬರೀ ಕಲ್ಲು.

ಇಂದೇ ಮಾಡಬೇಕಾದ್ದು: ನಾಲ್ಕೂ ಕಡೆಯಿಂದ ಅಳತೆಪಟ್ಟಿ ಇಟ್ಟು ಫೋಟೋ, ಜಿಪಿಎಸ್ ಅಂಕಿ, ರಸ್ತೆ ಮಧ್ಯದಿಂದ ದೂರ. ಇದರೊಂದಿಗೆ ಕಾರ್ಯಪಾಲಕ ಎಂಜಿನಿಯರಿಗೂ ಪುರಾತತ್ವ ಇಲಾಖೆಗೂ ಒಂದೇ ದಿನ ಪತ್ರ, ಸ್ವೀಕೃತಿ ಸಹಿತ. ಕೋರಿಕೆ ಒಂದೇ ಇರಲಿ: ಅದೇ ಸಾಲಿನಲ್ಲಿ, ಹೊಸ ರಸ್ತೆಯ ಅಂಚಿಗೆ, ಅದೇ ದಿಕ್ಕಿಗೆ ಮುಖ ಮಾಡಿ ಮತ್ತೆ ನೆಡಬೇಕು. ಜರುಗಿಸಿದರೆ ಎಷ್ಟು ಮೀಟರ್ ಜರುಗಿಸಿದ್ದು ಎಂದು ಪಕ್ಕದ ಫಲಕದಲ್ಲಿ ಬರೆಸಿ. ಬಾಣದ ಗುರುತಿರುವ ಸರ್ವೆ ಕಲ್ಲು, ಅರಣ್ಯದ ಗಡಿಕಲ್ಲುಗಳಿಗೆ ಕೈ ಹಚ್ಚಲೇಬೇಡಿ, ಅವು ಇಂದಿಗೂ ಅಳತೆಗೆ ಬಳಕೆಯಲ್ಲಿರಬಹುದು.

ಸೇತುವೆ ಮೇಲೆ ಇಂಗ್ಲಿಷ್ ಅಧಿಕಾರಿಯ ಹೆಸರಿನ ಕಲ್ಲು ಇದೆ. ಕಿತ್ತು ನಮ್ಮವರ ಹೆಸರು ಹಾಕೋಣ ಅಂತಾರೆ.

ಕೀಳಬೇಡಿ. ಆ ಕಲ್ಲು ಹೊಗಳಿಕೆಯಲ್ಲ, ಸಾಕ್ಷಿ. ಕಿತ್ತರೆ ಆ ಕಾಲವೇ ಇರಲಿಲ್ಲ ಎಂದಂತೆ. ಅದರ ಪಕ್ಕದಲ್ಲಿ ಎರಡನೆಯದನ್ನು ನಿಲ್ಲಿಸಿ, ಮೊದಲ ಕಲ್ಲು ಹೇಳದ್ದನ್ನು ಅದು ಹೇಳಲಿ. ಕಲ್ಲು ಎಲ್ಲಿಂದ ಬಂತು, ಗಾರೆಗೆ ಸುಣ್ಣ ಎಲ್ಲಿ ಸುಟ್ಟರು, ಕೂಲಿ ಎಷ್ಟು, ಯಾವ ಬರದ ವರ್ಷ ಎಷ್ಟು ಜನ ದುಡಿದರು. ಆಡಳಿತ ವರದಿಗಳಲ್ಲಿ ಕಾಮಗಾರಿಯ ಖರ್ಚು ಸಿಗುತ್ತದೆ. ಸಿಕ್ಕಷ್ಟನ್ನು ಮಾತ್ರ ಬರೆಯಿರಿ.

ಮುಳುಗಡೆಯಾದ ನಮ್ಮ ಊರಿಗೆ ಫಲಕ ಹಾಕಬೇಕು. ಊರೇ ಇಲ್ಲ, ಎಲ್ಲಿ ಹಾಕುವುದು?

ಶರಾವತಿ ಹಿನ್ನೀರಿನವರು ಕೇಳುವ ಪ್ರಶ್ನೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೆಲ ಕಂಡಿತೆಂದು ಅದರ ಕೆಳಗೆ ನಿಲ್ಲಿಸಿದರೆ ಅಣೆ ತುಂಬಿದ ವರ್ಷ ಫಲಕವೂ ಮುಳುಗುತ್ತದೆ. ಗುರುತಿನ ಗೆರೆಗಿಂತ ಸಾಕಷ್ಟು ಮೇಲೆ, ಹಳೇ ಊರಿನ ದಿಕ್ಕು ಕಾಣುವ ಏರಿನಲ್ಲಿ ಜಾಗ ನೋಡಿ. ನೆಲ ವಿದ್ಯುತ್ ನಿಗಮದ್ದೋ ಅರಣ್ಯದ್ದೋ ಎಂದು ಮೊದಲು ಪಹಣಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಬರಹಕ್ಕಿಂತ ಇಲ್ಲಿ ನಕ್ಷೆ ಹೆಚ್ಚು ಕೆಲಸ ಮಾಡುತ್ತದೆ. ಮುಳುಗಡೆಗೆ ಮುಂಚಿನ ಸರ್ವೆ ನಕ್ಷೆಯಿಂದ ಕೇರಿ, ಕೆರೆ, ದೇವಸ್ಥಾನ, ಶಾಲೆ ಗುರುತಿಸಿ ಗೆರೆಚಿತ್ರವಾಗಿ ಕೊರೆಸಿ, ಬಾಣ ಹಾಕಿ ದೂರ ಬರೆಯಿರಿ. ನೀರು ಇಳಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಅಂಥ ಗುರುತು ಹತ್ತಿರವಿದ್ದರೆ ನಕ್ಷೆಯಲ್ಲಿ ಸೇರಿಸಿ, ದಿಕ್ಕು ಹಿಡಿಯಲು ಅದೇ ಆಧಾರ.

ಕುಟುಂಬಗಳ ಹೆಸರು ಹಾಕಬೇಕೆಂದರೆ ಒಂದೂ ಬಿಡಬಾರದು. ಪಟ್ಟಿ ಪೂರ್ತಿಯಾಗಿಲ್ಲದಿದ್ದರೆ ಮನೆಗಳ ಸಂಖ್ಯೆ ಸಾಕು.

ಪಾಚಿ, ಹಾವಸೆ ಹಿಡಿದ ಕಲ್ಲನ್ನು ತೊಳೆಯುವುದು ಹೇಗೆ?

ಹೊಸ ಗ್ರಾನೈಟ್ ಫಲಕವಾದರೆ ಮಳೆಗಾಲ ಮುಗಿದ ಮೇಲೆ, ವರ್ಷಕ್ಕೊಮ್ಮೆ, ಬರೀ ನೀರು ಮತ್ತು ನೈಲಾನ್ ಬ್ರಷ್. ಮೊದಲು ಅರ್ಧ ಗಂಟೆ ನೆನೆಸಿ. ಅಕ್ಷರದ ಒಳಗಿನದಕ್ಕೆ ಬಿದಿರಿನ ಸೀಳು. ಆಸಿಡ್ ಬೇಡ, ತಂತಿ ಬ್ರಷ್ ಬೇಡ. ಒತ್ತಡದ ನೀರಿನ ಪಂಪೂ ಬೇಡ, ಬಣ್ಣ ಹಾರಿಸುತ್ತದೆ.

ಹಳೇ ಶಾಸನ, ವೀರಗಲ್ಲುಗಳಿಗೆ ಇದನ್ನೂ ಮಾಡಬೇಡಿ. ಓದಬೇಕೆಂದು ವಿಭೂತಿ, ಸೀಮೆಸುಣ್ಣ, ಮೈದಾ ಸವರುವುದು, ಎಣ್ಣೆ ಹಚ್ಚುವುದು ಅಕ್ಷರವನ್ನು ತಿನ್ನುತ್ತದೆ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಸವೆದ ಗೆರೆಯ ಒಂದು ಅಂಚು ನೆರಳು ಹಿಡಿಯುತ್ತದೆ, ಹಗಲಲ್ಲಿ ಕಾಣದ ಸಾಲು ಎದ್ದು ಬರುತ್ತದೆ. ಎಡ, ಬಲ, ಮೇಲಿನಿಂದ ಒಂದೊಂದು ಫೋಟೋ ತೆಗೆದು ತಜ್ಞರಿಗೆ ಕಳಿಸಿ. ಪಡಿಯಚ್ಚು, ಅಂದರೆ ಕಾಗದದ ಮೇಲೆ ಅಕ್ಷರದ ಅಚ್ಚು, ತೆಗೆಯುವುದು ಅವರ ಕೆಲಸ.

ದಾನಿಗಳ ಹೆಸರು, ಉದ್ಘಾಟಕರ ಹೆಸರು ಎಲ್ಲಿ?

ಹಿಂಬದಿಯಲ್ಲಿ. ಮುಂಬದಿಯ ಒಂದು ಸಾಲೂ ಅವರಿಗಲ್ಲ. ಇದನ್ನು ಹಣ ಪಡೆಯುವ ಮುನ್ನವೇ ಸಭೆಯ ನಡಾವಳಿಯಲ್ಲಿ ಬರೆಸಿ, ಆಮೇಲೆ ಹೇಳಲು ಹೋದರೆ ಮನಸ್ತಾಪ. ಹಿಂಬದಿಯಲ್ಲಿ ನಿಲ್ಲಿಸಿದ ತಿಂಗಳು, ವರ್ಷ, ನಿಲ್ಲಿಸಿದ ಸಂಸ್ಥೆ ಇರಲಿ. ಮುಂದೆ ಫಲಕವೂ ಹಳೆಯದಾಗುತ್ತದೆ, ಅದನ್ನು ಓದುವವರಿಗೆ ಅದರ ಕಾಲ ತಿಳಿಯಬೇಕು.

ಕೊರೆದು ನಿಲ್ಲಿಸಿದ ಮೇಲೆ ಇಸವಿ ತಪ್ಪು ಅಂತ ಗೊತ್ತಾಯ್ತು. ಈಗೇನು?

ಮೊದಲು ಒಪ್ಪಿಕೊಳ್ಳಿ. ತಪ್ಪಂಕಿಗೆ ಎಪಾಕ್ಸಿ ಅಂಟು ತುಂಬಿ ಮೇಲೆ ಕೊರೆಯಬೇಡಿ, ಎರಡು ಬೇಸಿಗೆಯಲ್ಲಿ ಬಣ್ಣ ಬದಲಾಗಿ ಹಳೇ ಅಂಕಿಯೇ ಮತ್ತೆ ಎದ್ದು ಕಾಣುತ್ತದೆ. ಸ್ಟಿಕ್ಕರ್ ಅಂಟಿಸಬೇಡಿ. ಕೊರೆತ 2 ಮಿ.ಮೀ. ಇದ್ದರೆ ಇಡೀ ಮುಖವನ್ನು 3–4 ಮಿ.ಮೀ. ಉಜ್ಜಿ ತೆಗೆದು ಮತ್ತೆ ಕೊರೆಯಬಹುದು. 40 ಮಿ.ಮೀ. ದಪ್ಪ ಬೇಕೆಂದು ಒತ್ತಿ ಹೇಳುವುದು ಇದಕ್ಕೂ ಸೇರಿ. ತೆಳು ಕಲ್ಲಾದರೆ ಹಿಂಬದಿಯನ್ನು ಮುಂದೆ ಮಾಡಿ ಕೊರೆಸಿ.

ಅದಕ್ಕೂ ಹಣವಿಲ್ಲದಿದ್ದರೆ ಪೀಠದ ಮೇಲೆ ಅಂಗೈ ಅಗಲದ ಕಲ್ಲೊಂದನ್ನು ಕೂರಿಸಿ: "ಮೇಲಿನ ಬರಹದಲ್ಲಿ ಇಂಥ ಇಸವಿ ಎಂದಿರುವುದನ್ನು ಇಂಥದ್ದು ಎಂದು ಓದಿಕೊಳ್ಳಿ", ಕೆಳಗೆ ತಿದ್ದಿದ ವರ್ಷ. ಅನುಮತಿ ಕೊಟ್ಟ ಕಚೇರಿಗೂ ಹತ್ತಿರದ ಶಾಲೆಗೂ ತಿದ್ದುಪಡಿಯ ಪ್ರತಿ ಅದೇ ವಾರ ಕಳಿಸಿ. ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ಹಳೇ ಇಸವಿ ಆಗಲೇ ಇಳಿದಿರುತ್ತದೆ.